ಕೀಲಿಕೈಗೆ ಸಂದ ಕೀರ್ತಿ

"ಪ್ರಥಮ ಚಿಕಿತ್ಸೆ ಎಂದರೇನು?" ಎಂಬುದು ನಮ್ಮ ಕಾಲದ ಪ್ರೌಢಶಾಲಾ ಪರೀಕ್ಷೆಗಳಲ್ಲಿ ಎರಡು ಅಂಕಗಳ ಪ್ರಶ್ನೆ. ಅಪಘಾತಕ್ಕೆ ಒಳಗಾದ ಅಥವಾ ಹಠಾತ್ತನೆ ಅಸ್ವಸ್ಥನಾದ ವ್ಯಕ್ತಿಗೆ ವೈದ್ಯರ ನೆರವು ದೊರೆಯುವ ಮುನ್ನ ನೀಡುವ ಉಪಚಾರವೇ ಪ್ರಥಮ ಚಿಕಿತ್ಸೆ ಎಂದು ಬರೆದು ಎರಡೂ ಅಂಕಗಳನ್ನು ಪಡೆಯದ ವಿದ್ಯಾರ್ಥಿ ವಿರಳ. ಆದರೆ ಅದೇ ವಿದ್ಯಾರ್ಥಿಯ ಮನೆಯಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಉತ್ತರಪತ್ರಿಕೆಯ ಆ ವಾಕ್ಯ ಎಲ್ಲಿಯೋ ಮಾಯವಾಗಿ, ದನದ ಕಣ್ಣಿಗಾಗಿ ಹುಡುಕಾಟ ನಡೆಯುತ್ತಿತ್ತು. ಪರೀಕ್ಷೆಯ ಅರಿವು ಬೇರೆ, ಕೈಯ ಅರಿವು ಬೇರೆ. ಈ ಎರಡರ ನಡುವಿನ ಅಂತರವನ್ನು ನಾನು ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸುವಾಗ ಹತ್ತಿರದಿಂದ ಕಂಡವನು. ಹಳೆಯ ವಿದ್ಯಾರ್ಥಿಗಳೂ ನಂಟರೂ ಓದುವ ಈ ಪುಟದಲ್ಲಿ ಅದನ್ನು ಬರೆದಿಡುವುದು ಒಳ್ಳೆಯದೆಂದು ತೋರಿತು.

ಸವಣೂರಿನಿಂದಲೇ ಆರಂಭಿಸುತ್ತೇನೆ. ಒಂದು ಮುಂಜಾನೆ ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದ ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆಲೆ ಚೀರಿ ನೆಲಕ್ಕೆ ಬಿದ್ದ. ಕೈಕಾಲು ಸೆಟೆದು ಅದುರತೊಡಗಿದವು, ಬಾಯಲ್ಲಿ ನೊರೆ ಬಂತು. ಮಕ್ಕಳು ಹೌಹಾರಿದರು. "ಕೀಲಿಕೈ ತರ್ರಿ, ಕೀಲಿಕೈ!" ಎಂದು ಯಾರೋ ಕೂಗಿದರು. ಸಿಪಾಯಿ ಓಡಿಬಂದು ಶಾಲೆಯ ಕೀಲಿಗೊಂಚಲನ್ನೇ ಹುಡುಗನ ಮುಷ್ಟಿಯಲ್ಲಿ ಇಟ್ಟ. ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದರು. ಒಂದೆರಡು ನಿಮಿಷಗಳಲ್ಲಿ ಅದುರು ನಿಂತಿತು. "ನೋಡ್ರೀ ಸರ್ರ, ಕಬ್ಬಿಣ ಹಿಡಿಸಿದ ಕೂಡಲೇ ಹೆಂಗ ನಿಂತ್ತು" ಎಂದು ಸಿಪಾಯಿ ನಿಟ್ಟುಸಿರುಬಿಟ್ಟ.

ಮೂರ್ಛೆರೋಗದ ಸೆಳೆತಗಳು ಬಹುತೇಕ ಒಂದರಿಂದ ಮೂರು ನಿಮಿಷಗಳಲ್ಲಿ ತಾವಾಗಿಯೇ ನಿಲ್ಲುತ್ತವೆ. ಮಿದುಳಿನ ನರಕೋಶಗಳಲ್ಲಿ ಏಕಾಏಕಿ ಎದ್ದ ವಿದ್ಯುತ್ತಿನ ಗದ್ದಲ ತಾನೇ ತಣಿಯುತ್ತದೆ. ಕೀಲಿಕೈ ಹಿಡಿಸಿದರೂ ನಿಲ್ಲುತ್ತದೆ, ಹಿಡಿಸದಿದ್ದರೂ ನಿಲ್ಲುತ್ತದೆ. ಆದರೆ ಗೊಂಚಲನ್ನು ಹುಡುಕಿ ತರುವಷ್ಟರಲ್ಲಿ ಸೆಳೆತ ಮುಗಿಯುವ ಹೊತ್ತಾಗಿರುತ್ತದೆ. ಕೀರ್ತಿಯೆಲ್ಲ ಕೀಲಿಕೈಗೆ ಸಲ್ಲುತ್ತದೆ. ಮುಂದಿನ ಸಲ ಅದೇ ಕೀಲಿಕೈ ಹಲ್ಲುಗಳ ನಡುವೆ ತುರುಕಲ್ಪಟ್ಟು, ಹಲ್ಲು ಮುರಿಯುತ್ತದೆ ಇಲ್ಲವೆ ಉಸಿರುಗಟ್ಟಿಸುತ್ತದೆ. ನಮ್ಮಲ್ಲಿ ರೂಢಿಯಾಗಿರುವ ಅನೇಕ ಉಪಚಾರಗಳ ಒಳಗುಟ್ಟು ಇಷ್ಟೇ ಎಂದು ನನಗೆ ಅಂದು ಹೊಳೆಯಿತು. ತಾನಾಗಿ ಆಗುವುದನ್ನು ತಮ್ಮ ಹೆಸರಿಗೆ ಬರೆದುಕೊಂಡ ಉಪಚಾರಗಳು ಅವು.

ಸೆಳೆತ ಬಂದವರಿಗೆ ಮಾಡಬೇಕಾದದ್ದು ಅತ್ಯಲ್ಪ. ಸುತ್ತಲಿನ ಕಲ್ಲು, ಬೆಂಚುಗಳನ್ನು ದೂರ ಸರಿಸಬೇಕು. ತಲೆಯ ಕೆಳಗೆ ಮೆತ್ತನೆಯ ಬಟ್ಟೆ ಇಡಬೇಕು. ಕೊರಳಿನ ಗುಂಡಿ ಸಡಿಲಿಸಬೇಕು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ಹಾಕಬಾರದು. ನಾಲಿಗೆ ನುಂಗಿಕೊಳ್ಳುತ್ತಾರೆಂಬ ಭಯಕ್ಕೆ ಆಧಾರವಿಲ್ಲ. ಸೆಳೆತ ನಿಂತ ಮೇಲೆ ಒಂದು ಮಗ್ಗುಲಿಗೆ ಹೊರಳಿಸಿ ಮಲಗಿಸಿದರೆ ಜೊಲ್ಲು ಹೊರಗೆ ಹರಿದುಹೋಗುತ್ತದೆ. ಪೂರ್ಣ ಎಚ್ಚರ ಬರುವ ತನಕ ನೀರು ಕುಡಿಸಕೂಡದು. ಎಲ್ಲಕ್ಕಿಂತ ಮುಖ್ಯವಾಗಿ ಗಡಿಯಾರ ನೋಡಬೇಕು. ಸೆಳೆತ ಐದು ನಿಮಿಷ ದಾಟಿದರೆ, ಇಲ್ಲವೆ ಎಚ್ಚರವಾಗದೆಯೇ ಮತ್ತೊಮ್ಮೆ ಬಂದರೆ, ಆಸ್ಪತ್ರೆಗೆ ಹೊರಡಲೇಬೇಕು. ಆ ಹುಡುಗನ ತಂದೆ ಮಗನನ್ನು ಶಾಲೆ ಬಿಡಿಸಲು ಬಂದಿದ್ದರು. ಇದು ಗಾಳಿಯೂ ಅಲ್ಲ, ಅಂಟುವ ರೋಗವೂ ಅಲ್ಲ, ಗುಳಿಗೆಗಳಿಂದ ಹತೋಟಿಗೆ ಬರುವ ಕಾಯಿಲೆ ಎಂದು ಅವರಿಗೆ ಮನದಟ್ಟು ಮಾಡಲು ಮೂರು ಸಂಜೆಗಳು ಬೇಕಾದವು. ಹುಡುಗ ಹತ್ತನೆಯ ತರಗತಿ ಮುಗಿಸಿದ.

ಕೀಲಿಕೈಯ ತರ್ಕವೇ ಹಾವಿನ ಮದ್ದಿಗೂ ಅನ್ವಯಿಸುತ್ತದೆ. ಹಾನಗಲ್ಲ ತಾಲ್ಲೂಕು ಅರೆಮಲೆನಾಡು. ಕೆರೆ, ಭತ್ತದ ಗದ್ದೆ, ಮಾವು-ಅಡಿಕೆಯ ತೋಟಗಳ ಸೀಮೆ. ಕಾಳು ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಅಲ್ಲಿ ನನ್ನ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಬಣವಿಯಿಂದ ಹುಲ್ಲು ಹಿರಿಯುವಾಗ ಪಾದಕ್ಕೆ ಮಂಡಲದ ಹಾವು ಕಚ್ಚಿತು. ಅಪ್ಪ ಮೊಣಕಾಲಿನ ಕೆಳಗೆ ಕಣ್ಣಿಯನ್ನು ಬಿಗಿದು ಕಟ್ಟಿ, ಮದ್ದು ಕೊಡುವವರ ಊರಿಗೆ ಚಕ್ಕಡಿಯಲ್ಲಿ ಕರೆದೊಯ್ದರು. ಅಲ್ಲಿ ಬ್ಲೇಡಿನಿಂದ ಗಾಯ ಕೊಯ್ದು ಬೇರಿನ ರಸ ಹಚ್ಚಿದರು. ಮರುದಿನ ಹುಬ್ಬಳ್ಳಿಗೆ ಸಾಗಿಸುವ ಹೊತ್ತಿಗೆ ಕಾಲು ಕಪ್ಪಾಗಿತ್ತು. ಜೀವ ಉಳಿಯಿತು, ಮೊಣಕಾಲಿನ ಕೆಳಗಿನ ಕಾಲು ಉಳಿಯಲಿಲ್ಲ. "ಇದರಲ್ಲಿ ವಿಷದ ಪಾಲು ಎಷ್ಟೋ, ಹಗ್ಗದ ಪಾಲೂ ಅಷ್ಟೇ" ಎಂದು ವೈದ್ಯರು ಹೇಳಿದರಂತೆ. ಆ ತಂದೆ ಮಗನನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದವರು. ಹಗ್ಗವನ್ನು ಅಷ್ಟು ಬಿಗಿಯಾಗಿ ಕಟ್ಟಿಸಿದ್ದು ಆ ಪ್ರೀತಿಯೇ.

ನಮ್ಮ ನಾಡಿನ ಹಾವುಗಳಲ್ಲಿ ಬಹುಪಾಲು ವಿಷರಹಿತ. ಕೇರೆ ಹಾವು, ನೀರು ಹಾವು ಕಚ್ಚಿದರೆ ಪ್ರಾಣಭಯವಿಲ್ಲ. ವಿಷದ ಹಾವು ಕಚ್ಚಿದಾಗಲೂ ಪ್ರತಿ ಸಲ ವಿಷ ಇಳಿಯುವುದಿಲ್ಲ. ಇಂಥವರೆಲ್ಲ ಯಾವ ಬೇರು ತಿಂದರೂ ಬದುಕುತ್ತಾರೆ, ಬೇರಿಗೆ ಹೆಸರು ಬರುತ್ತದೆ. ನಿಜವಾಗಿ ವಿಷ ಏರಿದವನು ಸತ್ತರೆ "ತಡವಾಗಿ ತಂದಿರಿ" ಎಂಬ ಮಾತಿದೆ.

ಮನುಷ್ಯರ ಸಾವಿಗೆ ಹೆಚ್ಚಾಗಿ ಕಾರಣವಾಗುವ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಭಾರತದಲ್ಲಿ ದೊರೆಯುವ ಪ್ರತಿವಿಷ ಈ ನಾಲ್ಕಕ್ಕೂ ಒಂದೇ. ಆದ್ದರಿಂದ ಹಾವನ್ನು ಅಟ್ಟಿಸಿಕೊಂಡು ಹೋಗಿ ಕೊಂದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ಹಾಗೆ ಹೋದವರು ಎರಡನೆಯ ಕಡಿತಕ್ಕೆ ಗುರಿಯಾಗುವುದುಂಟು. ಕಟ್ಟುಹಾವಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಅಷ್ಟಾಗಿ ಇರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ಮುಚ್ಚಿಕೊಳ್ಳುವ ರೆಪ್ಪೆ, ತೊದಲುವ ಮಾತು ಕಂಡರೆ ಅಜೀರ್ಣವೆಂದು ಓಮಿನ ಕಾಳು ಕೊಟ್ಟು ಕೂಡಬೇಡಿರಿ.

ಪ್ರತಿವಿಷ ತಯಾರಾಗುವ ಬಗೆಯೂ ತಿಳಿದಿರಲಿ. ತಮಿಳುನಾಡಿನ ಮಹಾಬಲಿಪುರದ ಬಳಿ ಇರುಳಿಗ ಸಮುದಾಯದ ಹಾವುಗಾರರು 1978ರಲ್ಲಿ ಸಹಕಾರಿ ಸಂಘವೊಂದನ್ನು ಕಟ್ಟಿಕೊಂಡರು. ಅವರು ತೆಗೆದ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಚುಚ್ಚಿ, ಕುದುರೆಯ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧೀಕರಿಸಿ ಔಷಧ ಮಾಡುತ್ತಾರೆ. ಇದಕ್ಕೆ ಮನೆಮದ್ದಿನ ಬದಲಿ ಇಲ್ಲ. 2000ರಿಂದ 2019ರವರೆಗಿನ ಅವಧಿಯಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಜನ, ಹಾವು ಕಚ್ಚಿ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಘೋಷಿಸಿತು.

ಕಚ್ಚಿಸಿಕೊಂಡವರಿಗೆ ಮೊದಲು ಧೈರ್ಯ ಹೇಳಬೇಕು. ಕಾಲುಂಗುರ, ಉಂಗುರ, ಬಳೆ, ಉಡದಾರಗಳನ್ನು ಬಾವು ಏರುವ ಮುನ್ನ ತೆಗೆಯಬೇಕು. ಕಚ್ಚಿದ ಅಂಗವನ್ನು ಮುರಿದ ಮೂಳೆಗೆ ಮಾಡುವಂತೆ ಕಟ್ಟಿಗೆಯ ಪಟ್ಟಿಗೆ ಸಡಿಲವಾಗಿ ಕಟ್ಟಿ ಅಲುಗಾಡದಂತೆ ಇಡಬೇಕು, ನಡೆಸಬಾರದು. ಕೊಯ್ಯುವುದು, ಹೀರುವುದು, ಸುಡುವುದು, ಬಿಗಿಯುವುದು ಯಾವುದೂ ಬೇಡ. ಯಾರಾದರೂ ಈಗಾಗಲೇ ಬಿಗಿದು ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಥಟ್ಟನೆ ಬಿಚ್ಚದೆ ವೈದ್ಯರ ಮುಂದೆಯೇ ಬಿಚ್ಚಿಸಬೇಕು. ವಾಹನ ಸಿಗದಿದ್ದರೆ ಮೋಟಾರ್ ಸೈಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡಾದರೂ ಹೊರಡಬೇಕು. ಆಸ್ಪತ್ರೆಯಲ್ಲಿ ವೈದ್ಯರು ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡುತ್ತಾರೆ. ಕಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದು ಅರ್ಥ. ಆ ಇಪ್ಪತ್ತು ನಿಮಿಷಗಳನ್ನು "ಡಾಕ್ಟರು ಸುಮ್ಮನೆ ಕೂತಾರ" ಎಂದು ತಿಳಿದು ಜಗಳ ತೆಗೆಯಬಾರದು.

ಹಾನಗಲ್ಲಿನ ಭಯ ಗದ್ದೆಯದಾದರೆ ಶಿಗ್ಗಾವಿಯ ಭಯ ರಸ್ತೆಯದು. ಪುಣೆ–ಬೆಂಗಳೂರು ಹೆದ್ದಾರಿ, ನಮ್ಮವರ ಬಾಯಲ್ಲಿ ಪಿ.ಬಿ. ರೋಡ್, ಆ ತಾಲ್ಲೂಕನ್ನು ಸೀಳಿಕೊಂಡು ಹೋಗುತ್ತದೆ. ಇದೇ ರಸ್ತೆಯಲ್ಲಿ 2024ರ ಜೂನ್ 28ರ ನಸುಕಿನಲ್ಲಿ, ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ನಿಂತ ಲಾರಿಗೆ ವಾಹನ ಬಡಿದು 13 ಜನ ತೀರಿಕೊಂಡದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ.

ನಾನು ಶಿಗ್ಗಾವಿಯಲ್ಲಿದ್ದಾಗ ಸಂತೆಯ ದಿನ ಬೈಕ್ ಸವಾರನೊಬ್ಬ ಬಿದ್ದು ತೊಡೆ ಸೀಳಿತ್ತು. ಸುತ್ತ ಐವತ್ತು ಜನ. ಕೇಸು, ಸಾಕ್ಷಿ, ಕೋರ್ಟು ಎಂಬ ಅಂಜಿಕೆಯಿಂದ ಯಾರೂ ಮುಟ್ಟಲೊಲ್ಲರು. ಕಾಯಿಪಲ್ಲೆ ಮಾರುವ ಅಜ್ಜಿಯೊಬ್ಬಳು ಬುಟ್ಟಿ ಇಳಿಸಿ ಬಂದು, ತನ್ನ ಸೆರಗನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿದಳು. "ಒಂದೀಟು ತೆಗೆದು ನೋಡಬೇ" ಎಂದು ಯಾರೋ ಅಂದಾಗ, "ನೋಡಾಕ ಏನೈತಿ? ಕೈ ತೆಗೆದರ ರಕ್ತ ಬರತೈತಿ" ಎಂದಳು. ವಾಹನ ಬರುವ ತನಕ ಆಕೆ ಕೈ ಎತ್ತಲಿಲ್ಲ. ಎರಡು ಅಂಕಗಳ ಪ್ರಶ್ನೆಯನ್ನು ಆಕೆ ಓದಿದವಳಲ್ಲ, ಆದರೂ ಉತ್ತರ ಪೂರ್ಣವಾಗಿ ಸರಿಯಿತ್ತು. ರಕ್ತ ಹೆಪ್ಪುಗಟ್ಟಲು ಬಿಡುವಿಲ್ಲದ ಒತ್ತಡ ಬೇಕು. ಪದೇ ಪದೇ ತೆಗೆದು ನೋಡಿದರೆ ಕಟ್ಟಿದ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ತೊಯ್ದರೆ ಅದರ ಮೇಲೆಯೇ ಇನ್ನೊಂದು ಬಟ್ಟೆ ಇಡಬೇಕು. ಗಾಯದಲ್ಲಿ ಗಾಜು, ಕಬ್ಬಿಣ ನಾಟಿದ್ದರೆ ಕೀಳದೆ ಅದರ ಸುತ್ತ ಒತ್ತಬೇಕು. ಸುಣ್ಣ, ಕಾಫಿಪುಡಿ, ಅರಿಶಿನ ಗಾಯಕ್ಕೆ ಬೇಡ.

ಇತಿಹಾಸದ ಪಾಠದಲ್ಲಿ ನಿಮಗೆ ಹೆನ್ರಿ ಡ್ಯುನಾಂಟನ ಹೆಸರು ಬಂದಿತ್ತು. 1859ರ ಜೂನ್‌ನಲ್ಲಿ ಇಟಲಿಯ ಸಾಲ್ಫೆರಿನೊ ಕದನದ ನಂತರ ಕಾಸ್ಟಿಲಿಯೋನೆ ಎಂಬ ಊರಿನ ಹೆಂಗಸರು, ಶತ್ರು ಮಿತ್ರರೆಂದು ನೋಡದೆ ಗಾಯಾಳುಗಳ ಶುಶ್ರೂಷೆ ಮಾಡಿದ್ದನ್ನು ಕಂಡೇ ಅವನಿಗೆ ರೆಡ್‌ಕ್ರಾಸ್‌ನ ಯೋಚನೆ ಬಂದದ್ದು. ಸಂತೆಯ ಅಜ್ಜಿ ಆ ಹೆಂಗಸರ ಪಂಕ್ತಿಯವಳು.

ಐವತ್ತು ಜನರ ಅಂಜಿಕೆಗೆ ಅಂದು ಕಾರಣವಿತ್ತು, ಇಂದು ಇಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದ ಹರೀಶ್ ಎಂಬ ಯುವಕ, ಆ ಸ್ಥಿತಿಯಲ್ಲೂ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡದ್ದು ನಾಡಿನ ಕಣ್ಣು ತೆರೆಸಿತು. ಅದೇ ವರ್ಷ ರಾಜ್ಯ ಸರ್ಕಾರ ಅಪಘಾತದ ಗಾಯಾಳುಗಳ ತುರ್ತು ಚಿಕಿತ್ಸೆಗೆ ಆತನ ಹೆಸರಿನಲ್ಲಿ ಯೋಜನೆ ತಂದಿತು. ನೆರವಾಗುವವರಿಗೆ ಕಿರುಕುಳ ಆಗದಂತೆ ರೂಪಿಸಿದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ ಕಾನೂನಿನ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ, ಸಾಕ್ಷಿಯಾಗಲೇಬೇಕೆಂದೂ ಇಲ್ಲ. 2025ರಿಂದ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆಯ ಕೇಂದ್ರ ಯೋಜನೆಯೂ ಇದೆ. ಅವಸರದಲ್ಲಿ ಕೈಕಾಲು ಹಿಡಿದು ಮೂಟೆಯಂತೆ ಎತ್ತಿ ಟೆಂಪೋಕ್ಕೆ ಹಾಕುವುದೊಂದನ್ನು ಮಾತ್ರ ಬಿಡಬೇಕು. ಕತ್ತು, ಬೆನ್ನಿನ ಮೂಳೆ ಮುರಿದಿದ್ದರೆ ಆ ಎತ್ತುವಿಕೆಯೇ ಬದುಕಿಡೀ ಹಾಸಿಗೆ ಹಿಡಿಸಬಲ್ಲದು. ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ನಾಲ್ಕೈದು ಜನ ಕೂಡಿ ಹಲಗೆಯ ಮೇಲೆ ಎತ್ತಬೇಕು.

ಹಿರೇಕೆರೂರು ಗೋವಿನಜೋಳ, ಹತ್ತಿಯ ಸೀಮೆ. ಅಲ್ಲಿ ಕಂಡದ್ದು ಕೀಟನಾಶಕದ ವಿಷ. ಹತ್ತಿಗೆ ಎಣ್ಣೆ ಹೊಡೆದು ಬಂದ ರೈತರೊಬ್ಬರು ಸಂಜೆ ಕಟ್ಟೆಯ ಮೇಲೆ ಕುಸಿದರು. ಬಿಸಿಲು ಬಡಿದಿದೆ ಎಂದು ಮನೆಯವರು ಮಜ್ಜಿಗೆ ಕುಡಿಸಲು ಹೊರಟರು. ಹತ್ತನೆಯ ತರಗತಿಯಲ್ಲಿದ್ದ ಮಗಳು ತಂದೆಯ ಕಣ್ಣು ನೋಡಿದಳು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿತ್ತು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಬೆನ್ನಿನ ಪಂಪು ಸೋರಿ ಅಂಗಿ ತೊಯ್ದಿತ್ತು. ಆಕೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅಂಗಿ ತೆಗೆಸಿ, ಸಾಬೂನು ಹಚ್ಚಿ ಮೈ ತೊಳೆಸಿ, ಎಣ್ಣೆಯ ಡಬ್ಬಿಯೊಂದಿಗೆ ಆಸ್ಪತ್ರೆಗೆ ಕರೆದೊಯ್ದಳು. ಡಬ್ಬಿ ನೋಡಿದ ವೈದ್ಯರು ಕೂಡಲೇ ಅಟ್ರೋಪಿನ್ ಚುಚ್ಚುಮದ್ದು ಆರಂಭಿಸಿದರು. ಆ ರೈತರು ಮಗಳ ಮದುವೆಯ ಆಮಂತ್ರಣ ಕೊಡಲು ನಮ್ಮ ಮನೆಗೆ ತಾವೇ ಬಂದಿದ್ದರು.

ಡಬ್ಬಿಯ ಮೇಲೆ ವಜ್ರಾಕಾರದ ಗುರುತಿನ ಕೆಳಗಿನ ತ್ರಿಕೋನಕ್ಕೆ ಬಣ್ಣವಿರುತ್ತದೆ. ಕೆಂಪು ಅತ್ಯಂತ ವಿಷಕಾರಿ; ನಂತರ ಕ್ರಮವಾಗಿ ಹಳದಿ, ನೀಲಿ, ಹಸಿರು. ಜೊತೆಯ ಚೀಟಿಯಲ್ಲಿ ಪ್ರತಿವಿಷದ ಹೆಸರೂ ಇರುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧ ಹೊಡೆಯುತ್ತಲೇ 20ಕ್ಕೂ ಹೆಚ್ಚು ಜನ ಸತ್ತರು. ಅವರಾರೂ ವಿಷ ಕುಡಿದವರಲ್ಲ, ಚರ್ಮ ಮತ್ತು ಉಸಿರಿನ ಮೂಲಕವೇ ಅದು ಒಳಹೊಕ್ಕಿತ್ತು.

ಕುಡಿದವರ ಮಾತೂ ಹೇಳಲೇಬೇಕು. ಸಾಲ, ಬೆಳೆನಷ್ಟ, ಮನಸ್ತಾಪಗಳಿಂದ ನಮ್ಮ ಹಳ್ಳಿಗಳಲ್ಲಿ ಇದು ನಡೆದಿದೆ. ಆಗ ಉಪ್ಪುನೀರು, ಹುಣಸೆನೀರು, ಹೇಳಲಾಗದ ಹೊಲಸನ್ನೂ ಕುಡಿಸಿ ವಾಂತಿ ಮಾಡಿಸುತ್ತಾರೆ. ಎಚ್ಚರ ಮಂಕಾದವನು ವಾಂತಿ ಮಾಡಿದರೆ ಅದು ಪುಪ್ಪುಸಕ್ಕೆ ಇಳಿದು ಎರಡನೆಯ ಆಪತ್ತಾಗುತ್ತದೆ. ಮಗ್ಗುಲಿಗೆ ಮಲಗಿಸಿ ಹೊರಡುವುದೇ ದಾರಿ. ಪೊಲೀಸ್ ಕೇಸು, ಊರವರ ಮಾತಿಗೆ ಅಂಜಿ "ಊಟದಲ್ಲಿ ಏನೋ ವ್ಯತ್ಯಾಸ" ಎಂದು ವೈದ್ಯರಿಗೆ ಸುಳ್ಳು ಹೇಳಬೇಡಿರಿ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಮನಸ್ಸು ಕುಗ್ಗಿದವರು ಕನ್ನಡದಲ್ಲಿಯೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ.

ಇಷ್ಟೆಲ್ಲ ಓದಿ, ಸುಮ್ಮನಿರುವುದೇ ಪ್ರಥಮ ಚಿಕಿತ್ಸೆ ಎಂದು ತಿಳಿಯಬೇಡಿರಿ. ಕೈ ತಡೆಯಬಾರದ ಸಂದರ್ಭವೊಂದಿದೆ. ಕುಸಿದು ಬಿದ್ದವರು ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು. ಮುಖಕ್ಕೆ ನೀರು ಚಿಮುಕಿಸುತ್ತ, ಅಂಗಾಲು ತಿಕ್ಕುತ್ತ ಕೂರುವ ಹೊತ್ತಲ್ಲ ಅದು. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಎದೆಯ ನಡುವಿನ ಎಲುಬಿನ ಮೇಲೆ ಎರಡೂ ಅಂಗೈ ಇಟ್ಟು, ಸುಮಾರು ಐದು ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಸಲ, ನೆರವು ಬರುವ ತನಕ ಒತ್ತುತ್ತಲೇ ಇರಬೇಕು. ಹೆಂಗಸರಾದರೆ ಮುಟ್ಟುವುದು ಹೇಗೆಂಬ ಸಂಕೋಚ ಬೇಡ. ಎದೆನೋವಿನ ವಿಷಯದಲ್ಲಿಯೂ ಒಂದು ಕೀಲಿಕೈ ಇದೆ: "ಗ್ಯಾಸ್" ಎಂದು ಸೋಡಾ ಕುಡಿದು, ತೇಗು ಬಂದು, ಹಗುರವಾಯಿತು ಎನ್ನುವುದು. ಅರ್ಧ ತಾಸಿನ ಬಳಿಕ ನೋವು ಮರಳುವ ಹೊತ್ತಿಗೆ ಹೃದಯದ ಸ್ನಾಯು ಸತ್ತಿರಬಹುದು. 2021ರ ಅಕ್ಟೋಬರ್ 29ರಂದು 46ರ ಹರೆಯದ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಇಡೀ ನಾಡು ಅತ್ತಿತು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯ ಉದ್ದೇಶ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೂ ಉಚಿತವಾಗಿ ಸಿಗಬೇಕೆಂಬುದು. ಆದರೆ ಸೋಡಾ ಅಂಗಡಿಯಲ್ಲಿ ಕುಳಿತವನ ಬಳಿಗೆ ಚುಚ್ಚುಮದ್ದು ನಡೆದುಬರುವುದಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮದೇ. ನಿಮ್ಮಲ್ಲಿ ಅನೇಕರು ಬೆಂಗಳೂರು, ಪುಣೆ, ಅಮೆರಿಕಗಳಲ್ಲಿದ್ದೀರಿ. ಕಾರ್ಖಾನೆ, ಕಚೇರಿಗಳಲ್ಲಿ ಈ ತರಬೇತಿಯನ್ನೂ ಪಡೆದಿರುತ್ತೀರಿ. ಊರಲ್ಲಿರುವವರು ಮಾತ್ರ ನಿಮ್ಮ ಅವ್ವ, ಅಪ್ಪ, ಕಾಕಾ. ಕಚ್ಚುವ ಹಾವು, ಸೋರುವ ಪಂಪು ಇರುವುದೂ ಅವರ ಬಳಿಯೇ. ಮುಂದಿನ ಜಾತ್ರೆಗೆ ಬಂದಾಗ ಪಡಸಾಲೆಯ ಗೋಡೆಯ ಮೇಲೆ 108, 112 ಎಂದು ದೊಡ್ಡದಾಗಿ ಬರೆಯಿರಿ. ಪ್ರತಿವಿಷ ದೊರೆಯುವ ಹತ್ತಿರದ ಆಸ್ಪತ್ರೆ ಯಾವುದೆಂದು ಈಗಲೇ ಕೇಳಿ ತಿಳಿದು, ಅದನ್ನೂ ಕೆಳಗೆ ಬರೆಯಿರಿ. ಅಪ್ಪನಿಗೆ ಒಂದು ಬ್ಯಾಟರಿ, ಒಂದು ಜೊತೆ ಗಮ್‌ಬೂಟು ಕೊಡಿಸಿರಿ. ಅವ್ವನನ್ನು ಕೂರಿಸಿಕೊಂಡು, ಹಗ್ಗ ಏಕೆ ಬೇಡ, ಕೀಲಿಕೈ ಏಕೆ ಬೇಡ ಎಂದು ಸಾವಧಾನವಾಗಿ ತಿಳಿಸಿ ಹೇಳಿರಿ. ಹಳಬರನ್ನು ನಗೆಯಾಡಬೇಡಿರಿ, ಅವರು ಕಂಡದ್ದನ್ನು ಅವರು ನಂಬಿದರು. ಕೀರ್ತಿ ತಪ್ಪು ವಿಳಾಸಕ್ಕೆ ಹೋಗಿತ್ತೆಂದು ತಿಳಿದ ಮೇಲೆ ಅವರೇ ನಿಮಗಿಂತ ಚೆನ್ನಾಗಿ ನಾಲ್ಕು ಮನೆಗೆ ಹೇಳುತ್ತಾರೆ.